ಎಲ್‌ಆರ್3ಸಿ ರೆಗ್ಯುಲೇಟರ್: ಕೈಯಾರೆ ಕಟ್ಟಿದ ವಿಮಾನದಲ್ಲಿ ವರ್ಷಗಟ್ಟಲೆ ಬಳಸಿದ ಮೇಲೆ

ಬಿ ಅಂಡ್ ಸಿ ಕಂಪನಿಯ ಎಲ್‌ಆರ್3ಸಿ ನನ್ನ ವಿಮಾನದಲ್ಲಿ ಹಲವು ವರ್ಷಗಳಿಂದ ಕೆಲಸ ಮಾಡುತ್ತಿದೆ. ಎಂಜಿನ್ ತಿರುಗಿಸುವ ಆಲ್ಟರ್ನೇಟರ್ (ವಿದ್ಯುತ್ ಹುಟ್ಟಿಸುವ ಯಂತ್ರ) ಕೊಡುವ ವೋಲ್ಟೇಜನ್ನು ಹತೋಟಿಯಲ್ಲಿಡುವ ಪೆಟ್ಟಿಗೆ ಇದು. ಆಲ್ಟರ್ನೇಟರ್‌ನ ಹೊರಗೆ, ಫೈರ್‌ವಾಲ್‌ನ (ಎಂಜಿನ್‌ಗೂ ಕ್ಯಾಬಿನ್‌ಗೂ ನಡುವೆ ಬೆಂಕಿ ತಡೆಯುವ ಗೋಡೆ) ಕ್ಯಾಬಿನ್ ಬದಿಯಲ್ಲಿ ಕೂರಿಸಿದ್ದೇನೆ. ವೋಲ್ಟೇಜ್ ಹಿಡಿದಿಡುವ ಕೆಲಸವನ್ನು ಯಾವ ರೆಗ್ಯುಲೇಟರ್ ಆದರೂ ಮಾಡುತ್ತದೆ. ನಾನು ಇದನ್ನು ಮೆಚ್ಚಿಕೊಂಡಿದ್ದು ಇದರ ಜೊತೆ ಪ್ಯಾನೆಲ್‌ಗೆ ಬರುವ ಒಂದು ಪುಟ್ಟ ಎಚ್ಚರಿಕೆ ದೀಪಕ್ಕಾಗಿ.

ಆಲ್ಟರ್ನೇಟರ್ ನಿಂತರೆ ಕಾಕ್‌ಪಿಟ್‌ನಲ್ಲಿ ಏನೂ ಗೊತ್ತಾಗುವುದಿಲ್ಲ. ರೇಡಿಯೊ ಮಾತಾಡುತ್ತದೆ, ಪರದೆಗಳು ಬೆಳಗುತ್ತಿರುತ್ತವೆ, ಎಂಜಿನ್ ಮ್ಯಾಗ್ನೆಟೊ (ಬ್ಯಾಟರಿಯಿಲ್ಲದೆಯೇ ಕಿಡಿ ಹುಟ್ಟಿಸುವ ಸಾಧನ) ಮೇಲೆ ಹಾಯಾಗಿ ಓಡುತ್ತದೆ. ಒಳಗೊಳಗೆ ಬ್ಯಾಟರಿ ಖಾಲಿಯಾಗುತ್ತಾ ಹೋಗುತ್ತದೆ. ಚಾರ್ಜ್ ಆಗುವಾಗ ಬಸ್ (ಎಲ್ಲ ಉಪಕರಣಗಳಿಗೂ ಕರೆಂಟ್ ಹಂಚುವ ಮುಖ್ಯ ಪಟ್ಟಿ) 14 ವೋಲ್ಟ್‌ಗಿಂತ ಸ್ವಲ್ಪ ಮೇಲಿರುತ್ತದೆ. ಪೂರ್ತಿ ತುಂಬಿದ ಲೆಡ್-ಆಸಿಡ್ ಬ್ಯಾಟರಿ ಒಂದೇ ಆದರೆ 12.7ರ ಆಸುಪಾಸು. ಅಂದರೆ 13ರ ಕೆಳಗೆ ಇಳಿಯಿತು ಎಂದರೆ ಬ್ಯಾಟರಿಯೇ ಎಲ್ಲವನ್ನೂ ಹೊರುತ್ತಿದೆ ಅಂತ ಅರ್ಥ. ಆಗ ಈ ದೀಪ ಮಿನುಗತೊಡಗುತ್ತದೆ. ವೋಲ್ಟ್‌ಮೀಟರ್ ಇದ್ದರೂ ಹಾರುವಾಗ ಅದನ್ನೇ ನೋಡುತ್ತಾ ಕೂರಲು ಆಗಲ್ಲ, ಅಲ್ವಾ?

ನನಗೆ ಇದು ನಿಜಕ್ಕೂ ಕೆಲಸಕ್ಕೆ ಬಂತು. ಆಲ್ಟರ್ನೇಟರ್ ತಿರುಗಿಸುವ ಹೊಸ ಬೆಲ್ಟ್ ಹಾಕಿದ ಮೊದಲ ಕೆಲವು ಗಂಟೆಗಳಲ್ಲಿ ಅದು ಹಿಗ್ಗುತ್ತದೆ. ಲ್ಯಾಂಡಿಂಗ್ ಲೈಟ್ ಮತ್ತು ಪಿಟೊ ಹೀಟರ್ (ವೇಗ ಅಳೆಯುವ ಕೊಳವೆಯನ್ನು ಬಿಸಿ ಮಾಡುವುದು) ಎರಡೂ ಹಾಕಿದ್ದಾಗ ಬೆಲ್ಟ್ ಜಾರಿ ದೀಪ ಮಿನುಗಿತು. ಬೇಡದ್ದನ್ನೆಲ್ಲ ಆರಿಸಿ, ನಿಧಾನವಾಗಿ ಹಿಂತಿರುಗಿ, ಬೆಲ್ಟ್ ಬಿಗಿ ಮಾಡಿದೆ. ಬ್ಯಾಟರಿಯಲ್ಲಿ ಇನ್ನೂ ಸಾಕಷ್ಟು ಉಳಿದಿತ್ತು.

ಇನ್ನು ಓವರ್‌ವೋಲ್ಟೇಜ್. ರೆಗ್ಯುಲೇಟರ್ ಕೆಟ್ಟು ಫೀಲ್ಡ್‌ಗೆ (ಆಲ್ಟರ್ನೇಟರ್‌ನೊಳಗೆ ಅಯಸ್ಕಾಂತದ ಕೆಲಸ ಮಾಡುವ ಕಾಯಿಲ್) ಪೂರ್ತಿ ಕರೆಂಟ್ ಹೋದರೆ ವೋಲ್ಟೇಜ್ ಹತೋಟಿ ಮೀರಿ ಏರುತ್ತದೆ. ಪ್ಯಾನೆಲ್‌ನಲ್ಲಿರುವ ದುಬಾರಿ ಉಪಕರಣಗಳೆಲ್ಲ ಅಪಾಯಕ್ಕೆ ಸಿಗುತ್ತವೆ. ಇದರೊಳಗೆ ಕ್ರೋಬಾರ್ ಸರ್ಕ್ಯೂಟ್ ಇದೆ. 16 ವೋಲ್ಟ್ ಸುತ್ತಮುತ್ತ ಬಂದರೆ ಅದು ಫೀಲ್ಡ್ ಸಪ್ಲೈಯನ್ನು ಬೇಕಂತಲೇ ಶಾರ್ಟ್ ಮಾಡಿ 5 ಆಂಪ್ ಬ್ರೇಕರ್ (ಬಿದ್ದರೆ ಮತ್ತೆ ಒತ್ತಿ ಹಾಕಬಹುದಾದ ರಕ್ಷಣಾ ಸ್ವಿಚ್) ಬೀಳಿಸುತ್ತದೆ. ಆದ್ದರಿಂದ ಆ ಜಾಗದಲ್ಲಿ ಕೈಗೆ ಸಿಗುವಂತೆ ಬ್ರೇಕರ್ರೇ ಇರಬೇಕು, ಫ್ಯೂಸ್ ಬೇಡ.

ಆದರೆ ಪೆಟ್ಟಿಗೆ ಎಷ್ಟೇ ಒಳ್ಳೆಯದಿದ್ದರೂ ಸುತ್ತಲಿನ ವೈರಿಂಗ್ ಸರಿಯಿಲ್ಲದಿದ್ದರೆ ಉಪಯೋಗವಿಲ್ಲ. ವೋಲ್ಟೇಜ್ ಅಳೆಯುವ ವೈರ್ ಇದರಲ್ಲಿ ಬೇರೆಯೇ ಇದೆ. ಅದನ್ನು ಪ್ರತ್ಯೇಕವಾಗಿ ಬಸ್‌ಗೆ ಒಯ್ಯಿರಿ. ಅನೇಕ ವಿಮಾನಗಳಲ್ಲಿ ಒಂದೇ ವೈರ್ ಫೀಲ್ಡ್ ಕರೆಂಟನ್ನೂ ಹೊತ್ತು ವೋಲ್ಟೇಜನ್ನೂ ಅಳೆಯುತ್ತದೆ. ಕಾಲ ಕಳೆದಂತೆ ಸ್ವಿಚ್, ಬ್ರೇಕರ್, ವೈರ್ ತುದಿಯ ಲಗ್‌ಗಳಲ್ಲಿ ರೆಸಿಸ್ಟೆನ್ಸ್ ಜಾಸ್ತಿಯಾಗಿ ರೆಗ್ಯುಲೇಟರ್‌ಗೆ ತಪ್ಪು ಲೆಕ್ಕ ಸಿಗುತ್ತದೆ, ಆಮೀಟರ್ ಮುಳ್ಳು ಕುಣಿಯುತ್ತದೆ. ಜನ ಸುಮ್ನೆ ರೆಗ್ಯುಲೇಟರ್ ಬದಲಿಸುತ್ತಾರೆ, ತೊಂದರೆ ಹಾಗೇ ಇರುತ್ತದೆ.

ಆಲ್ಟರ್ನೇಟರ್‌ನಿಂದ ಬರುವ ದಪ್ಪ ವೈರ್‌ಗೆ ಕರೆಂಟ್ ಲಿಮಿಟರ್ (ದೊಡ್ಡ ಫ್ಯೂಸ್‌ನಂಥದ್ದು) ಬೇಕು. ಅದನ್ನು ಸ್ಟಾರ್ಟರ್ ಕಾಂಟ್ಯಾಕ್ಟರ್ (ಸ್ಟಾರ್ಟರ್‌ಗೆ ಕರೆಂಟ್ ಬಿಡುವ ದೊಡ್ಡ ಸ್ವಿಚ್) ಪಕ್ಕದಲ್ಲಿ ಹಾಕಿ. ಆ ವೈರ್ ಎಲ್ಲಾದರೂ ತಗುಲಿ ಶಾರ್ಟ್ ಆದರೆ ಬೆಂಕಿಗೆ ಬೇಕಾದ ನೂರಾರು ಆಂಪ್ ಬರುವುದು ಬ್ಯಾಟರಿ ಕಡೆಯಿಂದ. ಬ್ಯಾಟರಿ ಆಫ್ ಆಗಿದ್ದಾಗ ಆಲ್ಟರ್ನೇಟರ್ ಒಂದೇ ಆನ್ ಆಗದಂತೆ ಮಾಸ್ಟರ್ ಸ್ವಿಚ್ ಜೋಡಿಸಿ, ಬ್ಯಾಟರಿಯ ಆಸರೆಯಿಲ್ಲದೆ ವೋಲ್ಟೇಜ್ ಸ್ಥಿರವಾಗಿ ನಿಲ್ಲುವುದಿಲ್ಲ. ಎಂಜಿನ್‌ನಿಂದ ಫೈರ್‌ವಾಲ್‌ಗೆ ಹೆಣೆದ ತಾಮ್ರದ ಪಟ್ಟಿ ಹಾಕಿ, ಎಲ್ಲ ಗ್ರೌಂಡ್‌ಗಳನ್ನೂ ಫೈರ್‌ವಾಲ್‌ನ ಒಂದೇ ಕಡೆ ಸೇರಿಸಿ. ಹೆಡ್‌ಸೆಟ್ ಜ್ಯಾಕ್‌ಗಳು ವಿಮಾನದ ಲೋಹಕ್ಕೆ ತಾಕದಂತೆ ನೋಡಿಕೊಳ್ಳಿ. ನನ್ನ ಹೆಡ್‌ಸೆಟ್‌ನಲ್ಲಿ ಎಂಜಿನ್ ವೇಗದ ಜೊತೆ ಏರಿಳಿಯುವ ಆ ಕಿರಿಕಿರಿ ಶಿಳ್ಳೆ ಒಮ್ಮೆಯೂ ಕೇಳಿಸಿಲ್ಲ.

ಎಲ್ಲರಿಗೂ ಇದು ಹೊಂದುವುದಿಲ್ಲ. ಹಗುರ ವಿಮಾನಗಳ ಎಂಜಿನ್ ಆದ ರೋಟಾಕ್ಸ್ 912ರ ಜೊತೆ ಬರುವ ಜನರೇಟರ್‌ನಲ್ಲಿ ಕಾಯಂ ಅಯಸ್ಕಾಂತ ಇರುತ್ತದೆ, ಹತೋಟಿ ಮಾಡಲು ಫೀಲ್ಡ್ ಕಾಯಿಲೇ ಇಲ್ಲ. ಒಳಗೇ ರೆಗ್ಯುಲೇಟರ್ ಇರುವ ಕಾರಿನ ಆಲ್ಟರ್ನೇಟರ್‌ಗೂ ಅದನ್ನು ಬಿಚ್ಚಿ ಮಾರ್ಪಡಿಸದೆ ಇದನ್ನು ಹಾಕಲಾಗದು. ಫೀಲ್ಡ್ ಟರ್ಮಿನಲ್ ಹೊರಗೆ ಸಿಗುವ ಆಲ್ಟರ್ನೇಟರ್ ನಿಮ್ಮದಾಗಿದ್ದರೆ ಧಾರಾಳವಾಗಿ ಕೊಳ್ಳಿ. ಸ್ಕ್ರೂಡ್ರೈವರ್ ನೇರವಾಗಿ ತಲುಪುವ ಜಾಗದಲ್ಲಿ ಕೂರಿಸಿ, ಪ್ರತಿ ವಾರ್ಷಿಕ ತಪಾಸಣೆಯಲ್ಲೂ ಟರ್ಮಿನಲ್ ಸ್ಕ್ರೂಗಳು ಸಡಿಲವಾಗಿವೆಯೇ ನೋಡಿ.