ಅಂಗಡಿಯವರು ಕಟ್ಟಿಕೊಡುವ ಲೀಡರ್ ಗಂಟು: ಮೇಲೆ ಅಂಟು ಮೆತ್ತಿದ್ದರೆ ನಂಬಬೇಡಿ

ಹುಬ್ಬಳ್ಳಿ, ಬೆಳಗಾವಿ ಕಡೆಯಿಂದ ಗೋವಾಕ್ಕೆ ಗಾಳ ಹಾಕಲು ಬರುವವರಿಗೆ, ಇಲ್ಲೇ ವಾಸ್ಕೋ, ಜುವಾರಿನಗರದಲ್ಲಿ ಇರುವ ನಮ್ಮವರಿಗೂ ಒಂದು ಮಾತು. ಅಂಗಡಿಯಲ್ಲಿ ರೀಲಿಗೆ ಬ್ರೇಡ್ (ಹೆಣೆದ ದಾರ) ಸುತ್ತಿಸಿ, ಅದರ ತುದಿಗೆ ಲೀಡರ್ (ಗಾಳದ ಕಡೆ ಹಾಕುವ ದಪ್ಪ ದಾರದ ತುಂಡು) ಕೂಡ ಅಲ್ಲೇ ಕಟ್ಟಿಸಿಕೊಂಡು ಬರುತ್ತೀರಾ? ಆ ಗಂಟಿನ ಮೇಲೆ ಗಟ್ಟಿ ಅಂಟಿನ ಮುದ್ದೆ ಇದ್ದರೆ ಅಲ್ಲೇ ಕತ್ತರಿಸಿ, ಮತ್ತೆ ಕಟ್ಟಿ. ಒಳಗೆ ಏನಿದೆ ಅಂತ ನಿಮಗೆ ಕಾಣುವುದಿಲ್ಲ. ಕಾಣಬಾರದು ಅಂತಲೇ ಹಾಗೆ ಮೆತ್ತಿರುತ್ತಾರೆ ಅಂತ ನನಗೀಗ ಅನಿಸುತ್ತಿದೆ.

ಅಂಗಡಿಯ ಹೆಸರು ಹಾಕುವುದಿಲ್ಲ. ನಾನು ಕೇಳಿದ್ದು ಎಫ್‌ಜಿ ಗಂಟು (ಎರಡು ದಾರವನ್ನು ಹೆಣೆದು ಸೇರಿಸುವ ತೆಳ್ಳಗಿನ ಗಂಟು), ಅದಕ್ಕೆ ಬೇರೆ ದುಡ್ಡೂ ತೆಗೆದುಕೊಂಡರು. ಪಿಇ 2 ಬ್ರೇಡ್ (2 ಅನ್ನುವುದು ದಪ್ಪದ ನಂಬರ್), ಅದಕ್ಕೆ 40 ಪೌಂಡ್ ತಡೆಯುವ ಫ್ಲೋರೋಕಾರ್ಬನ್ ಪ್ಲಾಸ್ಟಿಕ್ಕಿನ ಲೀಡರ್, ರೀಲಿಗೆ ದಾರ ಸುತ್ತುವ ಎರಡು ಸ್ಪೂಲ್. ಕಟ್ಟಿದ ಹುಡುಗ ನಮ್ಮ ಹಾವೇರಿ ಕಡೆಯವನು. ನಾನು ಕನ್ನಡ ಮಾತಾಡಿದ ಕೂಡಲೇ ಖುಷಿಯಾಗಿ, "ಅಣ್ಣಾರ, ಗ್ಲೂ ಹಾಕೀನ್ರಿ, ಆನಿ ಜಗ್ಗಿದ್ರೂ ಬಿಚ್ಚೂದಿಲ್ಲ" ಅಂದ. ಪಾಪ, ಮಾಲೀಕ ಹೇಳಿಕೊಟ್ಟಿದ್ದನ್ನೇ ಅವನು ಮಾಡುತ್ತಾನೆ. ಅವನ ಮೇಲೆ ನನಗೆ ಸಿಟ್ಟಿಲ್ಲ.

ಜುವಾರಿ ನದಿಯ ಒಂದು ಖಾಡಿಯಲ್ಲಿ, ಖಜಾನ್ ಗದ್ದೆಯ (ಒಡ್ಡು ಕಟ್ಟಿದ ಉಪ್ಪುನೀರಿನ ಗದ್ದೆ) ನೀರು ಹೊರಗೆ ಬಿಡುವ ಮಾನಸ್ ಬಾಗಿಲ ಹತ್ತಿರ, ಇಳಿತದ ನೀರಿನಲ್ಲಿ ಚೋಣಕ್ (ಬ್ಯಾರಮುಂಡಿ ಮೀನು) ಗಾಳ ಹಿಡಿಯಿತು. ಚೋಣಕ್ ಕಿವಿರಿನ ಮುಚ್ಚಳದ ಅಂಚು ಬ್ಲೇಡಿನ ಹಾಗೆ ಹರಿತ, ಬರೀ ಬ್ರೇಡ್ ತಾಗಿದರೆ ಕತೆ ಮುಗಿಯಿತು. ಅದಕ್ಕೇ ಅಲ್ವಾ ಲೀಡರ್ ಬೇಕಾಗುವುದು. ಒಂದು ಸಲ ನೀರಿನ ಮೇಲೆ ಹಾರಿ ತಲೆ ಕೊಡವಿತು, ಆಮೇಲೆ ಓಡಿತು, ದಾರ ಸಡಿಲವಾಯಿತು. ಲೀಡರ್, ಲೂರ್ (ಗಾಳ ಕಟ್ಟಿದ ನಕಲಿ ಮೀನು), ಮೀನು ಎಲ್ಲ ಹೋಯಿತು. ಬಾಯಲ್ಲಿ ಎರಡು ಟ್ರೆಬಲ್ (ಮೂರು ಕೊಕ್ಕೆಯ) ಗಾಳ ಸಿಕ್ಕಿಸಿಕೊಂಡು ಆ ಮೀನು ಹೋಗಿದ್ದೇ ನನಗೆ ಜಾಸ್ತಿ ಬೇಜಾರು. ಲೂರ್ ಇನ್ನೊಂದು ಕೊಂಡರೆ ಆಯಿತು.

ಅಂಗಡಿಗೆ ಹೋಗಿ ಕೇಳಿದರೆ ರೆಡಿ ಉತ್ತರ: "ಮೀನು ದೊಡ್ಡದಿತ್ತು ಸಾರ್, ನಿಮ್ಮ ಡ್ರ್ಯಾಗ್ ಟೈಟ್ ಇತ್ತು." ಇರಲಿಲ್ಲ. ಡ್ರ್ಯಾಗ್ ಅಂದರೆ ಮೀನು ಜೋರಾಗಿ ಎಳೆದಾಗ ದಾರ ಬಿಟ್ಟುಕೊಡುವ ರೀಲಿನ ಬ್ರೇಕ್. ಬ್ರೇಡಿನ ಡಬ್ಬಿಯ ಮೇಲೆ 30 ಪೌಂಡ್ ಅಂತಿದೆ, ಅಂದರೆ ಸುಮಾರು 13.6 ಕೆಜಿ. ಡ್ರ್ಯಾಗನ್ನು ನಾನು ಬ್ಯಾಗ್ ತೂಗುವ ಕೊಕ್ಕೆ ತಕ್ಕಡಿಗೆ ಸಿಕ್ಕಿಸಿ 4 ಕೆಜಿಗೆ ಇಟ್ಟಿದ್ದೆ. ದಾರದ ಶಕ್ತಿಯ ಕಾಲು ಭಾಗದಿಂದ ಮೂರನೇ ಒಂದು ಭಾಗದ ಒಳಗೆ ಡ್ರ್ಯಾಗ್ ಇಡಬೇಕು ಅನ್ನುವುದು ಎಲ್ಲರಿಗೂ ಗೊತ್ತಿರುವ ಲೆಕ್ಕ. 4 ಕೆಜಿಗೆ ಕೈಕೊಡುವ ಗಂಟಿಗೆ ಎಫ್‌ಜಿ ಅಂತ ಹೆಸರಿಟ್ಟು ದುಡ್ಡು ತೆಗೆದುಕೊಂಡರೆ ಅದಕ್ಕೆ ಏನನ್ನಬೇಕು ನೀವೇ ಹೇಳಿ.

ಎರಡನೇ ಸ್ಪೂಲ್ ಇನ್ನೂ ಹಾಗೇ ಇತ್ತಲ್ಲ, ಅವರ ಕೌಂಟರಿನ ಮೇಲೇ ಪರೀಕ್ಷೆ ಮಾಡಿದೆ. ಬ್ರೇಡನ್ನು ಮರದ ತುಂಡಿಗೆ ಸುತ್ತಿ, ಲೀಡರನ್ನು ಬಟ್ಟೆ ಸುತ್ತಿದ ಕೈಗೆ ಸುತ್ತಿ ನಿಧಾನವಾಗಿ ಎಳೆದೆ. ಬರಿಗೈಗೆ ಸುತ್ತಿ ಯಾವತ್ತೂ ಎಳೆಯಬೇಡಿ, ಬ್ರೇಡ್ ಚರ್ಮ ಸೀಳುತ್ತದೆ. ಗಂಟು ಚಟ್ ಅಂತ ತುಂಡಾಗಲಿಲ್ಲ. ಅಂಟಿನ ಮುದ್ದೆ ಬಿರುಕು ಬಿಟ್ಟಿತು, ಅದರೊಳಗಿಂದ ಲೀಡರ್ ನುಣುಪಾಗಿ ಜಾರಿ ಹೊರಗೆ ಬಂತು. ಮುದ್ದೆಯನ್ನು ಉಗುರಿನಿಂದ ಒಡೆದು ನೋಡಿದರೆ ಒಳಗೆ ಐದಾರು ಸುತ್ತು ಮಾತ್ರ, ಅವೂ ಸಡಿಲ. ಎಫ್‌ಜಿ ಅಂದರೆ ಸಾಮಾನ್ಯವಾಗಿ ಇಪ್ಪತ್ತರ ಆಸುಪಾಸು ಸುತ್ತು ಬೇಕು. ಮಾಲೀಕ ಆಮೇಲೆ ಫೋನ್ ನೋಡುತ್ತಾ ಕೂತ.

ಅಂಟು ಯಾಕೆ ಕೆಲಸ ಮಾಡುವುದಿಲ್ಲ ಅಂದರೆ, ಬ್ರೇಡ್ ಮಾಡುವುದು ಪಾಲಿಥಿಲೀನ್ ನೂಲಿನಿಂದ. ಪಿಇ ಅನ್ನುವುದು ಅದೇ. ಹಾಲಿನ ಪ್ಯಾಕೆಟ್ ಕೂಡ ಅದೇ ಜಾತಿಯ ಪ್ಲಾಸ್ಟಿಕ್, ಮನೆಯಲ್ಲಿ ಎರಡು ತುಂಡನ್ನು ಸೂಪರ್ ಗ್ಲೂ ಹಾಕಿ ಅಂಟಿಸಿ ನೋಡಿ, ಒಣಗಿದ ಮೇಲೆ ಎಳೆದರೆ ಸಿಪ್ಪೆ ಎದ್ದ ಹಾಗೆ ಬಿಟ್ಟುಬರುತ್ತದೆ. ಹಿಡಿಯುವುದಂತೂ ಇಲ್ಲ, ಆದರೆ ತೆಳ್ಳಗಿನ ಅಂಟು ನೂಲುಗಳ ಸಂದಿಯಲ್ಲಿ ಇಳಿದು ದಾರವನ್ನು ಕಡ್ಡಿಯ ಹಾಗೆ ಬಿರುಸು ಮಾಡುತ್ತದೆ. ಬಿರುಸು ಭಾಗ ಮುಗಿದು ಮೆತ್ತಗಿನ ಭಾಗ ಶುರುವಾಗುವ ಜಾಗದಲ್ಲೇ ಪ್ರತಿ ಸಲ ಎಸೆಯುವಾಗಲೂ ದಾರ ಬಾಗುತ್ತದೆ, ಸವೆಯುತ್ತದೆ. ಗಂಟನ್ನು ಪೂರ್ತಿ ಬಿಗಿ ಎಳೆದ ಮೇಲೆ ಕೊನೆಯ ಅರ್ಧ ಗಂಟುಗಳಿಗೆ (ಒಂದೇ ಕುಣಿಕೆಯ ಹಾಫ್ ಹಿಚ್) ಒಂದು ಹನಿ ತಾಗಿಸುವ ಒಳ್ಳೆಯ ಗಾಳಗಾರರೂ ಇದ್ದಾರೆ, ಅದು ಬೇರೆ. ಅಲ್ಲಿ ಹಿಡಿತ ಗಂಟಿನದು.

ಲೈಟರ್ ವಿಷಯ ಇನ್ನೂ ಕೆಟ್ಟದ್ದು. ಲೀಡರಿನ ತುದಿಯನ್ನು ಸುಟ್ಟು ಉಂಡೆ ಮಾಡುತ್ತಾರೆ, ಜಾರಬಾರದು ಅಂತ. ಬ್ರೇಡಿನ ಪಾಲಿಥಿಲೀನ್ 150 ಡಿಗ್ರಿ ಸೆಲ್ಸಿಯಸ್ ಒಳಗೇ ಕರಗುತ್ತದೆ, ಫ್ಲೋರೋಕಾರ್ಬನ್ ಕರಗಲು 170 ದಾಟಬೇಕು. ಅಂದರೆ ಲೀಡರ್ ಉಂಡೆಯಾಗುವ ಹೊತ್ತಿಗೆ ಪಕ್ಕದಲ್ಲಿರುವ ಬ್ರೇಡಿಗೆ ಬಿಸಿ ತಾಗಿದ್ದರೆ ಅದು ಆಗಲೇ ಬೆಂದಿರುತ್ತದೆ. ಕಣ್ಣಿಗೆ ಕಾಣುವುದೂ ಇಲ್ಲ.

ಇನ್ನೊಂದು, ಇದು ಗಂಟಿನ ವಿಷಯ ಅಲ್ಲ ಆದರೂ ಅದೇ ಅಂಗಡಿಯ ಕೆಲಸ. ನುಣುಪು ಸ್ಪೂಲಿಗೆ ಕೆಳಗೆ ಸ್ವಲ್ಪ ನೈಲಾನ್ ದಾರವಾಗಲಿ ಟೇಪಾಗಲಿ ಹಾಕದೆ ನೇರ ಬ್ರೇಡ್ ಸುತ್ತಿದ್ದರು. ಹಾಗೆ ಸುತ್ತಿದರೆ ಇಡೀ ದಾರವೇ ಸ್ಪೂಲಿನ ಮೇಲೆ ತಿರುಗುತ್ತದೆ, ನೀವು ಡ್ರ್ಯಾಗ್ ಹೋಗುತ್ತಿದೆ ಅಂದುಕೊಳ್ಳುತ್ತೀರಿ.

ಹಾಗಾದರೆ ಏನು ಮಾಡಬೇಕು? ನಿಮ್ಮ ಕಣ್ಣೆದುರೇ ಕಟ್ಟಿಸಿ, ಇಲ್ಲಾಂದ್ರೆ ಲೀಡರನ್ನು ಬಿಡಿಯಾಗಿ ಕೊಂಡು ಮನೆಯಲ್ಲಿ ನೀವೇ ಕಟ್ಟಿ. ಎಫ್‌ಜಿಯಲ್ಲಿ ಬ್ರೇಡ್ ಬಿಗಿಯಾಗಿ ಎಳೆದುಕೊಂಡಿರಬೇಕು, ಇದೇ ಮುಖ್ಯ. ಅದರ ಸುತ್ತ ಲೀಡರನ್ನು ಒಮ್ಮೆ ಮೇಲಿಂದ ಒಮ್ಮೆ ಕೆಳಗಿಂದ ತರುತ್ತಾ ಹೋಗಿ, ಎರಡನ್ನೂ ಸೇರಿಸಿ ಅರ್ಧ ಗಂಟು ಹಾಕಿ, ಉಗುಳು ತಾಗಿಸಿ ಜೋರಾಗಿ ಎಳೆಯಿರಿ. ಸರಿ ಬಿಗಿಯಾದರೆ ಸುತ್ತುಗಳ ಬಣ್ಣ ಗಾಢವಾಗುತ್ತದೆ. ಉಗುರಿನಿಂದ ತಳ್ಳಿದರೂ ಅಲುಗಾಡುವುದಿಲ್ಲ. ಆಮೇಲೆ ಲೀಡರಿನ ಮಿಕ್ಕ ತುದಿ ಕತ್ತರಿಸಿ ಬ್ರೇಡಿನ ಮೇಲೆ ಇನ್ನಷ್ಟು ಅರ್ಧ ಗಂಟು. ಇದು ಬರದಿದ್ದರೆ ನಾಚಿಕೆ ಬೇಡ, ಡಬಲ್ ಯೂನಿ (ಎರಡು ದಾರಕ್ಕೂ ಒಂದೊಂದು ಗಂಟು ಹಾಕಿ ಸೇರಿಸುವುದು) ಕಟ್ಟಿ. ಬ್ರೇಡ್ ಕಡೆ ಎಂಟು ಸುತ್ತು, ಲೀಡರ್ ಕಡೆ ನಾಲ್ಕೈದು ಸಾಕು. ಅದು ದಪ್ಪ ಗಂಟು, ರಾಡಿನ ರಿಂಗಿಗೆ ಬಡಿಯುತ್ತದೆ, ಹಾಗಾಗಿ ಲೀಡರ್ ಗಿಡ್ಡ ಇಟ್ಟು ಗಂಟು ರಿಂಗಿನ ಹೊರಗೇ ಇರುವ ಹಾಗೆ ನೋಡಿಕೊಳ್ಳಿ. ಸರಿಯಾಗಿ ಕಟ್ಟಿದ ಡಬಲ್ ಯೂನಿ, ಅಂಟಿನಲ್ಲಿ ಮುಚ್ಚಿದ ಸುಳ್ಳು ಎಫ್‌ಜಿಗಿಂತ ಸಾವಿರ ಪಾಲು ವಾಸಿ.

ಬಾಡಿಗೆ ದೋಣಿಯಲ್ಲಿ ಹೋಗುವವರೂ ಅಷ್ಟೇ. ರಾಡ್ ಕೈಗೆ ಕೊಟ್ಟ ಕೂಡಲೇ ಗಂಟು ಮುಟ್ಟಿ ನೋಡಿ, ಎಳೆದು ನೋಡಿ, ಗಟ್ಟಿ ಮುದ್ದೆ ಕೈಗೆ ಸಿಕ್ಕರೆ ಮತ್ತೆ ಕಟ್ಟಿಕೊಡಿ ಅಂತ ಕೇಳಿ. ಜೆಟ್ಟಿಯಲ್ಲೇ ಕೇಳಿ. ದೋಣಿ ಹೊರಟ ಮೇಲೆ ಕೇಳಿದರೆ "ಸಬ್ ಠೀಕ್ ಹೈ" ಅನ್ನುತ್ತಾರೆ ಅಷ್ಟೇ.