ಬಿಸಿನೆಸ್ ಜೆಟ್ ಲೀಕ್ ಟೆಸ್ಟ್ ಸೇವೆ: ಕೆಲಸ ಚೊಕ್ಕ, ವರದಿ ಬಡಕಲು
ಚಿಕ್ಕಮಗಳೂರಿನ ತೋಟದವರು ಪಾಲುದಾರಿಕೆಯಲ್ಲಿ ಜೆಟ್ ಇಟ್ಟಿದ್ದರೆ ಕ್ಯಾಬಿನ್‌ನಿಂದ ಗಾಳಿ ಸೋರುತ್ತದೆಯೇ ಎಂದು ನೋಡುವ ಈ ಸೇವೆಗೆ ಕೊಟ್ಟ ದುಡ್ಡು ದಂಡವಲ್ಲ. ಹಾರಾಟದಲ್ಲಿ ಕ್ಯಾಬಿನ್ ಎತ್ತರ (ಒಳಗಿನ ಗಾಳಿಯ ಒತ್ತಡ ಯಾವ ಎತ್ತರದ ಒತ್ತಡಕ್ಕೆ ಸಮವೋ ಅದು) ಸಾಮಾನ್ಯವಾಗಿ 8,000 ಅಡಿ ಮೀರಬಾರದು. ಅಂದರೆ ಮುಳ್ಳಯ್ಯನಗಿರಿ ತುದಿಗಿಂತ ಸುಮಾರು 500 ಮೀಟರ್ ಮೇಲೆ, ಅಷ್ಟೇ.

ನೆಲದಲ್ಲೇ ಹೊರಗಿನಿಂದ ಗಾಳಿ ತುಂಬಿ, ಪೂರೈಕೆ ನಿಲ್ಲಿಸಿ, ಒತ್ತಡ ಇಳಿಯುವ ವೇಗವನ್ನು ಸ್ಟಾಪ್‌ವಾಚ್ ಹಿಡಿದು ಅಳೆಯುತ್ತಾರೆ. ಮಿತಿ ಆಯಾ ವಿಮಾನದ ಕೈಪಿಡಿಯದು. ಬಾಗಿಲಿನ ಮೂಲೆ, ಕಿಟಕಿ ಅಂಚು, ಡ್ರೇನ್ ವಾಲ್ವ್‌ಗಳಿಗೆ ಸೋಪು ನೀರು ಬಳಿದರೆ ಗುಳ್ಳೆಯೇ ಸೋರಿಕೆ ತೋರಿಸುತ್ತದೆ. ಕ್ಯಾಬಿನ್ ಗಾಳಿಯನ್ನು ಹೊರಬಿಟ್ಟು ಒತ್ತಡ ಹದದಲ್ಲಿಡುವ ಔಟ್‌ಫ್ಲೋ ವಾಲ್ವ್‌ನ ಸೀಟಿನ ಜಿಗುಟು ಧೂಳನ್ನೂ ತೆಗೆಯುತ್ತಾರೆ. ಅದಿದ್ದರೆ ವಾಲ್ವ್ ಪೂರ್ತಿ ಮುಚ್ಚಿಕೊಳ್ಳದು. ಬಾಗಿಲಿನ ರಬ್ಬರ್ ಸೀಲಿಗೆ ಕೈಗೆ ಸಿಕ್ಕ ಸಿಕ್ಕ ಗ್ರೀಸ್ ಹಚ್ಚದಿರುವುದು ಮೆಚ್ಚುಗೆಯ ಸಂಗತಿ: ಪೆಟ್ರೋಲಿಯಂ ಗ್ರೀಸಿಗೆ ಹಲವು ಬಗೆಯ ರಬ್ಬರ್ ಊದಿಕೊಳ್ಳುತ್ತದೆ.

ವರದಿಯಲ್ಲಿ ಬರೀ ‘ಪಾಸ್’. ಒತ್ತಡ ಇಳಿದ ವೇಗದ ಅಂಕಿ ಕೇಳಿ ಬರೆಸಿಕೊಳ್ಳಿ, ಮುಂದಿನ ಸಲ ಹೋಲಿಸಲು ಬೇಕು.