ಕೆಂಚನ ಜೊತೆ ಮೂರು ದಾರಿ: ದುರ್ಗದ ಕಾಡು, ಪಿನಾಕಿನಿಯ ಮರಳು, ನಂದಿ ತಪ್ಪಲಿನ ದ್ರಾಕ್ಷಿ

ನಾಯಿ ಜೊತೆ ನಡೆಯೋಕೆ ಯಾವ ಜಾಗ ಒಳ್ಳೇದು ಅಂತ ಎರಡು ವರ್ಷದ ಹಿಂದೆ ಯಾರಾದರೂ ಕೇಳಿದ್ದರೆ, ಥಟ್ಟನೆ ದೇವರಾಯನದುರ್ಗ ಅನ್ನುತ್ತಿದ್ದೆ. ಈಗ ಅಷ್ಟು ಸಲೀಸಾಗಿ ಹೇಳಲಾರೆ.

ನಾವು ಇರುವುದು ತುಮಕೂರಿನಲ್ಲಿ. ಕೆಂಚ ನಮ್ಮ ಮನೆಯ ನಾಟಿ ನಾಯಿ. 5 ವರ್ಷ, 18 ಕೆಜಿ. ಕಳೆದ ಎರಡು ಚಳಿಗಾಲದ ಭಾನುವಾರಗಳಲ್ಲಿ ಅವನನ್ನು ಕರೆದುಕೊಂಡು ಮೂರು ಕಡೆ ಮತ್ತೆ ಮತ್ತೆ ನಡೆದೆ. ಒಂದು, ದೇವರಾಯನದುರ್ಗದ ಕಾಡಂಚು. ಇನ್ನೊಂದು, ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದ ಹತ್ತಿರ ಉತ್ತರ ಪಿನಾಕಿನಿಯ ದಂಡೆ. ಮತ್ತೊಂದು, ನಂದಿ ತಪ್ಪಲಿನ ಮುದ್ದೇನಹಳ್ಳಿ ಕಡೆ ದ್ರಾಕ್ಷಿ ತೋಟಗಳ ನಡುವಿನ ಬಂಡಿದಾರಿ. ಮೂರಕ್ಕೂ ಒಂದೇ ನೀರಿನ ನಂಟು ಇದೆ. ಪಿನಾಕಿನಿ ಹುಟ್ಟುವುದು ನಂದಿ ಬೆಟ್ಟಸಾಲಿನಲ್ಲಿ. ದುರ್ಗದಲ್ಲಿ ಹುಟ್ಟುವ ಜಯಮಂಗಲಿ ಕೊರಟಗೆರೆ, ಮಧುಗಿರಿ ದಾಟಿ ಆಂಧ್ರದಲ್ಲಿ ಅದೇ ಪಿನಾಕಿನಿಯನ್ನು ಸೇರುತ್ತದೆ.

ಕೋಲಾರದ ಅಂತರಗಂಗೆಗೂ ಒಮ್ಮೆ ಹೋಗಿದ್ದೆವು. ಬರೀ ಬಂಡೆ, ಸಂದಿ, ಕೋತಿಗಳ ಹಿಂಡು. ಮನುಷ್ಯರಿಗೆ ಚೆನ್ನ, ನಾಯಿಗೆ ಬೇಡ. ಅದನ್ನು ಅಲ್ಲಿಗೇ ಬಿಟ್ಟೆ.

ಮೊದಲು ಕಾಡು. ನೆರಳಿನ ವಿಷಯದಲ್ಲಿ ದುರ್ಗಕ್ಕೆ ಸಾಟಿ ಇಲ್ಲ. ಹತ್ತು ಗಂಟೆಯಾದರೂ ಮಣ್ಣು ತಂಪಾಗಿರುತ್ತದೆ. ಮರದ ಬುಡ, ಒಣಗಿದ ಎಲೆ, ಕಲ್ಲು ಎಲ್ಲದಕ್ಕೂ ಕೆಂಚ ಮೂಗು ಇಟ್ಟು ನಿಂತುಬಿಡುತ್ತಾನೆ. ಒಂದು ಕಿಲೋಮೀಟರ್ ನಡೆಯಲು ಅರ್ಧ ಗಂಟೆ ಬೇಕು. ಅವನು ಅಷ್ಟು ಖುಷಿಯಾಗಿರುವುದನ್ನು ಬೇರೆಲ್ಲೂ ನೋಡಿಲ್ಲ.

ಆದರೆ ಇದು ಚಿರತೆ, ಕರಡಿ ಇರುವ ಕಾಡು. ಒಂದು ದಿನ ಬೆಳಿಗ್ಗೆ ಆರೂವರೆಗೆ ರಸ್ತೆ ಬದಿ ಹೊರಟಿದ್ದಾಗ ಅರಣ್ಯ ಇಲಾಖೆಯ ವಾಚರ್ ಒಬ್ಬರು ತಡೆದರು. "ಸಾರ್, ಇಷ್ಟೊತ್ಗೆ ನಾಯಿ ಕರ್ಕಂಡು ಬರಬೇಡಿ. ಚಿರತೆಗೆ ಎಲೆ ಹಾಕಿ ಬಡಿಸ್ದಂಗೆ" ಅಂದರು. ಅವರು ಹೇಳಿದ್ದು ಪೂರ್ತಿ ನಿಜ. ನಮ್ಮ ಕಡೆಯ ಹಳ್ಳಿಗಳಲ್ಲಿ ಚಿರತೆ ಮೊದಲು ಹೊತ್ತೊಯ್ಯುವುದು ನಾಯಿಯನ್ನೇ. ಮುಂಜಾವು, ಮುಸ್ಸಂಜೆ ಅದು ಓಡಾಡುವ ಹೊತ್ತು. ನಾಯಿಗೆ ತಂಪಾಗಿರುವ ಹೊತ್ತೂ ಅದೇ ಅಲ್ವಾ? ಆಮೇಲೆ ನಾನು ಎಂಟರಿಂದ ಹತ್ತರವರೆಗೆ ಮಾತ್ರ ನಡೆದೆ. ಅದೂ ಜನ ಓಡಾಡುವ ರಸ್ತೆ ಬದಿ, ಗಿಡ್ಡ ಹಗ್ಗದಲ್ಲಿ. ನಾಮದ ಚಿಲುಮೆಯ ಹತ್ತಿರ ಜಿಂಕೆವನ ಇರುವುದರಿಂದ ಆ ಕಡೆಗೆ ಅವನನ್ನು ಒಯ್ಯುವುದೇ ಇಲ್ಲ. ನಾಯಿಯ ವಾಸನೆಗೇ ಜಿಂಕೆಗಳು ಬೆದರುತ್ತವೆ.

ಇನ್ನೊಂದು, ರಕ್ತ ಹೀರುವ ಉಣ್ಣೆ ಹುಳುವಿನ ಕಾಟ. ಮಳೆ ನಿಂತ ಮೇಲಿನ ತಿಂಗಳುಗಳಲ್ಲಿ ಒಂದೇ ನಡಿಗೆಗೆ ಕೆಂಚನ ಮೈಯಿಂದ 11 ಉಣ್ಣೆ ತೆಗೆದಿದ್ದೇನೆ. ಕಿವಿಯ ಒಳಗೆ, ಬೆರಳ ಸಂದಿ, ಕಂಕುಳು, ಈ ಮೂರು ಕಡೆ ಮರೆಯದೆ ನೋಡಬೇಕು. ಚಿಮುಟದಲ್ಲಿ ಚರ್ಮಕ್ಕೆ ಅಂಟಿ ಹಿಡಿದು ನೇರವಾಗಿ ಎಳೆಯಬೇಕು, ಹಿಸುಕಬಾರದು. ಉಣ್ಣೆಯಿಂದ ಬರುವ ಜ್ವರ ನಾಯಿಯ ರಕ್ತವನ್ನೇ ಕೆಡಿಸುತ್ತದೆ.

ಪಿನಾಕಿನಿಯ ದಂಡೆ ಇದಕ್ಕೆ ಪೂರ್ತಿ ತಿರುವುಮುರುವು. ನೆರಳೇ ಇಲ್ಲ, ಆದರೆ ಮುಂದೆ ಏನು ಬರುತ್ತಿದೆ ಅನ್ನುವುದು ದೂರದಿಂದಲೇ ಕಾಣುತ್ತದೆ. ನದಿ ಅಂದರೆ ನೀರು ಅಂದುಕೊಳ್ಳಬೇಡಿ. ವರ್ಷದ ಬಹುಪಾಲು ಅದು ಒಣ ಮರಳಿನ ಹಾಸು. 2021ರ ನವೆಂಬರ್ ಮಳೆಯಂಥ ಮಳೆ ಬಂದಾಗ ಮಾತ್ರ ತುಂಬಿ ಹರಿಯುತ್ತದೆ. ಹಾಗಾಗಿ 2 ಲೀಟರ್ ನೀರು ಹೊತ್ತುಕೊಂಡೇ ಹೋಗಬೇಕು. ಗುಂಡಿಯಲ್ಲಿ ನಿಂತ ನೀರು ಕುಡಿಸಬೇಡಿ. ಇಲಿಜ್ವರ ನಾಯಿಗೂ ಬರುತ್ತದೆ.

ಇಲ್ಲಿ ಕೆಂಚನಿಗೆ 10 ಮೀಟರಿನ ಉದ್ದದ ಹಗ್ಗ ಕಟ್ಟುತ್ತೇನೆ. ಮರಳು ಕಂಡ ಕೂಡಲೇ ಸುತ್ತು ಹೊಡೆಯುತ್ತಾನೆ, ಕೆರೆಯುತ್ತಾನೆ, ಹೊರಳಾಡುತ್ತಾನೆ. ಡಿಸೆಂಬರ್, ಜನವರಿಯಲ್ಲಿ ಆರೂವರೆಯಿಂದ ಒಂಬತ್ತರವರೆಗೆ ಮರಳು ತಣ್ಣಗಿರುತ್ತದೆ. ಆಮೇಲೆ ಬೇಗ ಕಾಯುತ್ತದೆ. ಅಂಗೈ ಹಿಂಭಾಗವನ್ನು ಮರಳಿನ ಮೇಲೆ ಇಟ್ಟು ಏಳು ಎಣಿಸಿ. ತಡೆಯಲು ಆಗದಿದ್ದರೆ ನಾಯಿಯ ಪಾದಕ್ಕೂ ಆಗುವುದಿಲ್ಲ. ಬಳ್ಳಾರಿ ಜಾಲಿಯ ಪೊದೆ ಇರುವ ಕಡೆ ಮಾತ್ರ ಹುಷಾರು. ಅದರ ಮುಳ್ಳು ಪಾದದಲ್ಲಿ ಮುರಿದು ಒಳಗೇ ಉಳಿಯುತ್ತದೆ. ಕುರಿಮಂದೆ ಕಂಡರೆ ನಾವೇ ಸುತ್ತಿ ಹೋಗುತ್ತೇವೆ. ಮಂದೆಯ ನಾಯಿಗಳು ತಮ್ಮ ಕೆಲಸ ಮಾಡುತ್ತಿರುತ್ತವೆ, ಅವನ್ನು ಕೆಣಕುವುದು ತಪ್ಪು.

ಈಗ ದ್ರಾಕ್ಷಿ ದಾರಿ. ನಡೆಯೋಕೆ ಮೂರರಲ್ಲಿ ಅತಿ ಸುಲಭ ಇದೇ. ಸಮತಟ್ಟು ನೆಲ, ಎರಡೂ ಕಡೆ ಕಲ್ಲುಕಂಬದ ಮೇಲೆ ಹಬ್ಬಿದ ಚಪ್ಪರ, ಎದುರಿಗೆ ನಂದಿ ಬೆಟ್ಟ. ಉಣ್ಣೆ ಕಡಿಮೆ, ಮುಳ್ಳು ಕಡಿಮೆ. ಮೊದಲ ಮೂರು ಸಲ ಹೋದಾಗ ಇದೇ ಗೆದ್ದಿತು ಅಂದುಕೊಂಡಿದ್ದೆ.

ನಾಲ್ಕನೇ ಸಲ ಫೆಬ್ರುವರಿ. ಬದುವಿನ ಪಕ್ಕ ಕೊಯ್ಲಿನಲ್ಲಿ ಉದುರಿದ ಹಣ್ಣಿನ ರಾಶಿ ಇತ್ತು. ನಾನು ತೋಟದವರ ಜೊತೆ ಮಾತಾಡುತ್ತಾ ನಿಂತೆ. ತಿರುಗಿ ನೋಡುವಷ್ಟರಲ್ಲಿ ಕೆಂಚ ಒಂದು ಹಿಡಿಯಷ್ಟು ತಿಂದಿದ್ದ. "ನಮ್ ನಾಯಿ ದಿನಾ ತಿಂತದೆ ಸಾರ್, ಏನೂ ಆಗಿಲ್ಲ" ಅಂದರು ಅವರು. ಸುಳ್ಳಲ್ಲ, ಕೆಲವು ನಾಯಿಗಳಿಗೆ ಏನೂ ಆಗುವುದಿಲ್ಲ. ಕೆಲವಕ್ಕೆ ಸ್ವಲ್ಪ ತಿಂದರೂ ಕಿಡ್ನಿ ಕೆಡುತ್ತದೆ. ಯಾವ ನಾಯಿಗೆ ಎಷ್ಟು ತಡೆಯುತ್ತದೆ ಅಂತ ಮೊದಲೇ ತಿಳಿಯುವ ದಾರಿ ಇಲ್ಲ. ಒಣದ್ರಾಕ್ಷಿ ಇನ್ನೂ ಅಪಾಯ.

ಗಾಡಿ ಹತ್ತಿ ಸೀದಾ ಪಶುವೈದ್ಯರ ಹತ್ತಿರ ಹೋದೆವು. ಮುಕ್ಕಾಲು ಗಂಟೆ ಹಿಡಿಯಿತು. ಅವರು ಇಂಜೆಕ್ಷನ್ ಕೊಟ್ಟು ವಾಂತಿ ಮಾಡಿಸಿದರು. ಬಂದಿದ್ದರಲ್ಲಿ ಸಿಪ್ಪೆ ಹಾಗೇ ಇತ್ತು. ಎರಡು ದಿನ ಡ್ರಿಪ್, ಮೂರು ದಿನ ಕ್ರಿಯಾಟಿನಿನ್ ಪರೀಕ್ಷೆ, ಅಂದರೆ ಕಿಡ್ನಿ ಸರಿ ಇದೆಯಾ ಅಂತ ನೋಡುವ ರಕ್ತಪರೀಕ್ಷೆ. ಮೂರನೇ ದಿನ ಎಲ್ಲಾ ಸರಿ ಇದೆ ಅಂದಾಗ ಅಲ್ಲೇ ಬೆಂಚಿನ ಮೇಲೆ ಕೂತು ಅತ್ತುಬಿಟ್ಟೆ. ಮನೆಯಲ್ಲಿ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಮಾತ್ರ ಹೋಗಬೇಡಿ. ಉಪ್ಪೇ ನಾಯಿಯನ್ನು ಕೊಲ್ಲಬಹುದು.

ಹಣ್ಣಿಲ್ಲದ ಕಾಲ ನೋಡಿ ಹೋಗೋಣ ಅಂದರೆ ಅದೂ ಕಷ್ಟ. ಇಲ್ಲಿ ಜಾಸ್ತಿ ಇರುವ ಬೆಂಗಳೂರು ನೀಲಿ ತಳಿ ವರ್ಷಕ್ಕೆ ಎರಡು ಬೆಳೆ ಕೊಡುತ್ತದೆ. ಹಣ್ಣು ಇಲ್ಲದಾಗ ಮೈಲುತುತ್ತದ ಸಿಂಪಡಣೆ ಇರುತ್ತದೆ. ಎಲೆಯ ಮೇಲೆ ನೀಲಿ ಕಲೆ ಕಂಡರೆ ಆ ಬದುವಿಗೆ ಇಳಿಯಬೇಡಿ. ನಾಯಿ ಪಾದ ನೆಕ್ಕಿದರೆ ಔಷಧಿ ಹೊಟ್ಟೆಗೇ ಹೋಗುತ್ತದೆ.

ಹಾಗಾಗಿ ನನ್ನ ಆಯ್ಕೆ ಈಗ ಪಿನಾಕಿನಿ. ಸುಮಾರು ಎರಡು ಗಂಟೆಯ ಪ್ರಯಾಣ, ನೆರಳಿಲ್ಲ, ಆದರೂ ಅದೇ. ಅಲ್ಲಿನ ತೊಂದರೆಗಳು ಕಣ್ಣಿಗೆ ಕಾಣುತ್ತವೆ, ಕೈಗೆ ಸಿಗುತ್ತವೆ. ದುರ್ಗಕ್ಕೆ ತಿಂಗಳಿಗೆ ಒಮ್ಮೆ ಹೋಗುತ್ತೇವೆ, ಕೆಂಚನ ಮೂಗಿನ ಸಲುವಾಗಿ. ದ್ರಾಕ್ಷಿ ದಾರಿಯಲ್ಲಿ ನಡೆಯಲೇಬೇಕು ಅನ್ನುವವರು ನಾಯಿಗೆ ಬಾಯಿಬಲೆ ಹಾಕಿಕೊಂಡು ಹೋಗಿ.

ದ್ರಾಕ್ಷಿಯಲ್ಲಿ ನಾಯಿಗೆ ಆಗದ್ದು ಟಾರ್ಟಾರಿಕ್ ಆಮ್ಲ ಇರಬೇಕು ಅಂತ 2021ರಿಂದ ಪಶುವೈದ್ಯರು ಹೇಳುತ್ತಿದ್ದಾರೆ. ಅದೇ ಆಮ್ಲ ಹುಣಸೆಹಣ್ಣಿನಲ್ಲಿ ಧಾರಾಳವಾಗಿದೆ. ತುಮಕೂರಿನ ನಮಗೆ ಇದು ತೋಟಕ್ಕಿಂತ ಹತ್ತಿರದ ವಿಷಯ. ಮಾರ್ಚ್ ಬಂತೆಂದರೆ ಬಿಸಿಲಿಗೆ ಮೂರೂ ದಾರಿ ಬಂದ್. ಕೆರೆ ಏರಿಯ ಮೇಲೆ ಬೆಳಿಗ್ಗೆ ಆರಕ್ಕೆ ಅರ್ಧ ಗಂಟೆ ನಡೆಯುತ್ತೇವೆ, ಹುಣಸೆ ಮರದ ಕೆಳಗೆ ಬಂದಾಗ ಹಗ್ಗ ಗಿಡ್ಡ ಮಾಡಿಕೊಂಡು.